ಸಾಕಿದ ಕೋಳಿಯ ಗರಿ ಮಾರಿದರೆ ದುಡ್ಡು ಸಿಗುತ್ತದೆಯೇ?

ಪ್ರಶ್ನೆ: ಮನೆಯಲ್ಲಿ ಹತ್ತಿಪ್ಪತ್ತು ಕೋಳಿ, ನಾಲ್ಕು ಬಾತು ಸಾಕಿದ್ದೇವೆ. ಗೂಡು ಗುಡಿಸಿದಾಗಲೆಲ್ಲ ಗರಿ ಸಿಗುತ್ತದೆ. ಸುಮ್ನೆ ಎಸೆಯುವ ಬದಲು ಮಾರಬಹುದಾ? ಯಾರು ಕೊಳ್ಳುತ್ತಾರೆ? ಹೇಗೆ ತೆಗೆಯಬೇಕು, ಹೇಗೆ ತೊಳೆಯಬೇಕು?

ಉತ್ತರ: ಮಾರಬಹುದು. ಆದರೆ ತೂಕದ ಲೆಕ್ಕ ಹಾಕಿದರೆ ಕೈಗೆ ಏನೂ ಹತ್ತುವುದಿಲ್ಲ. ಕೋಳಿಯ ಮೈತೂಕದಲ್ಲಿ ಗರಿಯ ಪಾಲು ಹೆಚ್ಚು ಕಡಿಮೆ ನೂರಕ್ಕೆ 5ರಿಂದ 7. ಎರಡು ಕಿಲೋ ಹುಂಜದಿಂದ ನೂರು, ನೂರೈವತ್ತು ಗ್ರಾಂ ಸಿಕ್ಕರೆ ಹೆಚ್ಚು. ಕಿಲೋಗಟ್ಟಲೆ ಕೊಳ್ಳುವವರಿಗೆ ದೊಡ್ಡ ಕಸಾಯಿಖಾನೆಗಳಿಂದ ಲಾರಿಗಟ್ಟಲೆ ಗರಿ ಬರುತ್ತದೆ. ಅದನ್ನು ಹಬೆಯ ಒತ್ತಡದಲ್ಲಿ ಬೇಯಿಸಿ, ಪುಡಿ ಮಾಡಿ ಗೊಬ್ಬರಕ್ಕೋ ಪಶು ಆಹಾರಕ್ಕೋ ಬಳಸುತ್ತಾರೆ. ಅಲ್ಲಿ ನಿಮ್ಮ ಒಂದು ಚೀಲವನ್ನು ಕೇಳುವವರಿಲ್ಲ. ನೀವು ಮಾರಬೇಕಾದದ್ದು ಬಿಡಿ ಗರಿಯನ್ನು: ಒಂದೇ ಬಗೆಯದು, ಒಂದೇ ಅಳತೆಯದು, ಎಣಿಸಿ ಕಟ್ಟಿದ್ದು. ದುಡ್ಡು ಹುಟ್ಟುವುದು ಆರಿಸುವ ಕೆಲಸದಲ್ಲಿ.

ಕೊಳ್ಳುವವರಲ್ಲಿ ಎಲ್ಲರಿಗಿಂತ ಹೆಚ್ಚು ಅಳೆದು ತೂಗಿ ನೋಡುವವರು ಮೀನು ಹಿಡಿಯುವ ಹವ್ಯಾಸಿಗಳು. ಗಾಳದ ಕೊಕ್ಕೆಗೆ ಗರಿ, ನೂಲು ಸುತ್ತಿ ಹುಳುವಿನ ಹಾಗೆ ಕಾಣುವ 'ಫ್ಲೈ' ಕಟ್ಟುತ್ತಾರೆ. ಇದಕ್ಕೆ ಹುಂಜದ ಕುತ್ತಿಗೆಯ ಮತ್ತು ಬೆನ್ನಿನ ಹಿಂಭಾಗದ ಉದ್ದ ಗರಿಗಳೇ ಬೇಕು. ಅಂಥ ಒಂದು ಗರಿ ಕೈಗೆ ತೆಗೆದುಕೊಳ್ಳಿ. ತುದಿ ಹಿಡಿದು, ಎಳೆಗಳನ್ನು ಬುಡದ ಕಡೆಗೆ ಸವರಿ. ಎರಡೂ ಬದಿಯ ಎಳೆಗಳು ಒಂದೇ ಉದ್ದವಿದ್ದು, ಬಿರುಸಾಗಿ ನೆಟ್ಟಗೆ ನಿಂತರೆ ಒಳ್ಳೆಯದು. ಬುಡದಲ್ಲಿರುವ ಮೆತ್ತನೆಯ ತುಪ್ಪುಳ ನೀರು ಹೀರುತ್ತದೆ. ಅದು ಜಾಸ್ತಿ ಇದ್ದರೆ ತೇಲಬೇಕಾದ ಫ್ಲೈ ಮುಳುಗುತ್ತದೆ. ದಂಟು ಬಾಗಬೇಕು, ಮುರಿಯಬಾರದು. ಇದಕ್ಕೆಂದೇ ತಲೆಮಾರುಗಳಿಂದ ತಳಿ ಬೆಳೆಸಿದ ಹುಂಜಗಳಿವೆ. ಅವುಗಳ ಗರಿಗೆ ಮನೆಕೋಳಿಯ ಗರಿ ಸಾಟಿಯಾಗುವುದು ಕಷ್ಟ. ಆದರೂ ಮುಳುಗುವ ಫ್ಲೈಗೆ ಹೇಂಟೆಯ ಮೆತ್ತನೆಯ ಗರಿಯೇ ಬೇಕು, ಅದು ನಿಮ್ಮಲ್ಲಿ ಧಾರಾಳವಾಗಿದೆ ಅಲ್ವಾ?

ಬಾತುಗಳನ್ನೂ ಮರೆಯಬೇಡಿ. ಬಾಲದ ಬುಡದಲ್ಲಿ ಎಣ್ಣೆ ಗ್ರಂಥಿ ಇರುತ್ತದೆ. ಅದರ ಸುತ್ತಲಿನ ಪುಟ್ಟ ಗರಿಗಳಿಗೆ ಆ ಎಣ್ಣೆ ಹಿಡಿದಿರುವುದರಿಂದ ಅವು ಚೆನ್ನಾಗಿ ತೇಲುತ್ತವೆ. ಒಂದು ಬಾತಿನಲ್ಲಿ ಸಿಗುವುದು ಸ್ವಲ್ಪವೇ, ಆದರೆ ಕೇಳುವವರಿದ್ದಾರೆ. ಇವನ್ನು ಮಾತ್ರ ಸೋಪಿನಲ್ಲಿ ತೊಳೆಯಬಾರದು.

ಉಳಿದ ಗಿರಾಕಿಗಳು ಕಿವಿಯೋಲೆ, ಟೋಪಿ, ಮುಖವಾಡ, ನಾಟಕದ ಉಡುಪು ಮಾಡುವವರು. ಇವರಿಗೆ ಬಣ್ಣ ಮುಖ್ಯ. ಹುಂಜದ ಬಾಲದ ಹೊಳೆಯುವ ಹಸಿರು ಯಾವ ಡೈನಲ್ಲೂ ಬರುವುದಿಲ್ಲ, ಏಕೆಂದರೆ ಅದು ಬಣ್ಣದ ಪುಡಿಯಿಂದ ಬಂದದ್ದಲ್ಲ, ಗರಿಯ ಸೂಕ್ಷ್ಮ ಪದರಗಳು ಬೆಳಕನ್ನು ಆಡಿಸುವುದರಿಂದ ಬಂದದ್ದು. ಬಿಳಿ ಗರಿ ಮಾತ್ರ ಯಾವ ಬಣ್ಣವನ್ನಾದರೂ ಹಿಡಿಯುತ್ತದೆ. ಹೆಬ್ಬಾತು ಅಥವಾ ಟರ್ಕಿ ಇದ್ದರೆ ರೆಕ್ಕೆಯ ದೊಡ್ಡ ಗರಿಗಳು ಲೇಖನಿಗೆ ಹೋಗುತ್ತವೆ. ಎಡ ಮತ್ತು ಬಲ ರೆಕ್ಕೆಯವನ್ನು ಬೇರೆ ಬೇರೆ ಇಡಿ: ಎಡ ರೆಕ್ಕೆಯ ಗರಿ ಬಲಗೈಯಲ್ಲಿ ಬರೆಯುವವರ ಕಣ್ಣಿಗೆ ಅಡ್ಡ ಬರದ ಹಾಗೆ ಬಾಗಿರುತ್ತದೆ.

ಒಂದು ಎಚ್ಚರಿಕೆ. 2011ರ ಸುಮಾರಿಗೆ ಅಮೆರಿಕದಲ್ಲಿ ಕೂದಲಿಗೆ ಹುಂಜದ ಗರಿ ಸಿಕ್ಕಿಸಿಕೊಳ್ಳುವ ಫ್ಯಾಷನ್ ಶುರುವಾಯಿತು. ಫ್ಲೈ ಅಂಗಡಿಗಳಲ್ಲಿ ಗರಿ ಖಾಲಿ, ಬೆಲೆ ಆಕಾಶಕ್ಕೆ. ಆಮೇಲೆ ಹುಚ್ಚು ಇಳಿಯಿತು, ಬೆಲೆಯೂ ಇಳಿಯಿತು. ಇಂಥದ್ದನ್ನು ನಂಬಿ ಹುಂಜ ಸಾಕಬೇಡಿ.

ಈಗ ಗರಿ ತೆಗೆಯುವ ವಿಷಯ. ಜೀವಂತ ಹಕ್ಕಿಯಿಂದ ಕೀಳಬೇಡಿ. ಅದು ಹಿಂಸೆ, ವ್ಯಾಪಾರಕ್ಕೂ ನಷ್ಟ. ಹೊಸದಾಗಿ ಮೂಡುವ ಗರಿಯ ಬುಡ ನೀಲಿಯಾಗಿ, ದಪ್ಪಗೆ ಕಾಣುತ್ತದೆ. ಅದರೊಳಗೆ ರಕ್ತವಿರುತ್ತದೆ, ಕಿತ್ತರೆ ಸುರಿಯುತ್ತದೆ. ಕಾಯುವ ತಾಳ್ಮೆ ಇದ್ದರೆ ಕೋಳಿಯೇ ಕೊಡುತ್ತದೆ. ಸಾಮಾನ್ಯವಾಗಿ ಹಗಲು ಕಿರಿದಾಗುವ ಕಾಲಕ್ಕೆ, ವರ್ಷಕ್ಕೊಮ್ಮೆ, ತಲೆಯಿಂದ ಶುರುವಾಗಿ ಬಾಲದವರೆಗೆ ಗರಿ ಉದುರುತ್ತದೆ. ಎರಡು ಮೂರು ತಿಂಗಳು ಹಿಡಿಯಬಹುದು. ಗರಿಯ ಬಹುಪಾಲು ಪ್ರೋಟೀನ್, ಹೀಗಾಗಿ ಆ ದಿನಗಳಲ್ಲಿ ಮೊಟ್ಟೆ ನಿಲ್ಲುತ್ತದೆ, ಮೇವಿನಲ್ಲಿ ಪ್ರೋಟೀನ್ ಜಾಸ್ತಿ ಬೇಕು. ಪ್ರತಿದಿನ ಬೆಳಿಗ್ಗೆ ಗರಿ ಆಯ್ದುಕೊಳ್ಳಿ. ಒಂದು ದಿನ ಹಿಕ್ಕೆಯ ಮೇಲೆ ಬಿದ್ದಿದ್ದರೆ ಸಾಕು, ಕಲೆ ಹೋಗುವುದು ಕಷ್ಟ. ಇನ್ನು, ಹಕ್ಕಿಯನ್ನು ಕೊಯ್ದಾಗ ಮಾರುವ ಗರಿಗಳನ್ನು ಬಿಸಿನೀರಿಗೆ ಅದ್ದುವ ಮೊದಲೇ, ಮೈ ಬೆಚ್ಚಗಿರುವಾಗ ಒಣಗರಿಯಾಗಿ ಕಿತ್ತಿಡಿ. ಅದ್ದಿದ ಮೇಲೆ ಮುದ್ದೆಯಾಗಿ, ಕೊಳಕು ನೀರು ಹಿಡಿದುಬಿಡುತ್ತವೆ.

ಮನೆಗೆ ತಂದ ಗರಿಯಲ್ಲಿ ಹೇನು, ಅದರ ಮೊಟ್ಟೆ ಇರುವ ಸಾಧ್ಯತೆ ಹೆಚ್ಚು. ದಂಟಿನ ಬುಡದಲ್ಲಿ ಬೂದು ಬಣ್ಣದ ಗಂಟು ಕಂಡರೆ ಆ ಗರಿ ಬಿಸಾಕಿ. ಉಳಿದವನ್ನು ಗಟ್ಟಿಯಾಗಿ ಮುಚ್ಚಿದ ಚೀಲದಲ್ಲಿ ಎರಡು ಮೂರು ದಿನ ಫ್ರೀಜರಿನಲ್ಲಿಡಿ, ಹೊರತೆಗೆದು ಒಂದೆರಡು ದಿನ ಬಿಟ್ಟು ಮತ್ತೆ ಫ್ರೀಜರಿಗೆ ಹಾಕಿ. ಮೊದಲ ಸಲ ಉಳಿದ ಹುಳು ಎರಡನೇ ಸಲ ಸಾಯುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಶಾಂಪೂ. ಬ್ಲೀಚ್ ಬೇಡ, ಎಳೆ ಪೆಳಸಾಗುತ್ತದೆ. ಬಟ್ಟೆಯ ಮೇಲೆ ಹರಡಿ, ಅರೆ ಒಣಗಿದಾಗ ಹೇರ್ ಡ್ರೈಯರ್ ಹಿಡಿದರೆ ಗರಿ ಮತ್ತೆ ಅರಳುತ್ತದೆ. ಬಾಗಿ ಹೋದದ್ದನ್ನು ಕುದಿಯುವ ನೀರಿನ ಹಬೆಗೆ ಕ್ಷಣ ಹಿಡಿದರೆ ನೇರವಾಗುತ್ತದೆ. ಪೂರ್ತಿ ಒಣಗಿದ ಮೇಲೆಯೇ ಡಬ್ಬಿಗೆ ತುಂಬಿ. ಗರಿ ತಿನ್ನುವ ನುಸಿಯ ಕಾಟ ಇದ್ದೇ ಇದೆ.

ಫ್ರೀಜರ್ ಹುಳುವನ್ನು ಕೊಲ್ಲುತ್ತದೆ, ಹಕ್ಕಿಜ್ವರದ ವೈರಸ್ಸನ್ನು ಅಲ್ಲ. ರೋಗ ಬಂದು ಸತ್ತ ಹಕ್ಕಿಯ ಗರಿ ಮುಟ್ಟಬೇಡಿ, ಅದನ್ನು ಹೂಳಬೇಕೋ ಸುಡಬೇಕೋ ಎಂದು ಪಶುವೈದ್ಯರನ್ನೇ ಕೇಳಿ. ಸುತ್ತಮುತ್ತ ಹಕ್ಕಿಜ್ವರ ಇದ್ದರೆ ಮಾರಾಟ ನಿಲ್ಲಿಸಿ. ಬೇರೆ ದೇಶಕ್ಕೆ ಕಳಿಸುವುದಾದರೆ ಪಶುವೈದ್ಯರ ಪ್ರಮಾಣಪತ್ರ ಕೇಳಬಹುದು, ಮೊದಲೇ ವಿಚಾರಿಸಿ. ಕಾಡುಹಕ್ಕಿಯ ಗರಿಯನ್ನು ಚೀಲದಲ್ಲಿ ಬೆರೆಸಲೇಬೇಡಿ. ಎಷ್ಟೋ ದೇಶಗಳಲ್ಲಿ ಅದನ್ನು ಮಾರುವುದೇ ಅಪರಾಧ, ನೆಲದ ಮೇಲೆ ಸಿಕ್ಕಿದ್ದಾದರೂ.

ಮಾರುವಾಗ ಫೋಟೋವನ್ನು ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ತಳಿ, ಗರಿ ದೇಹದ ಯಾವ ಭಾಗದ್ದು, ಉದುರಿದ್ದೋ ಕಿತ್ತದ್ದೋ ಬರೆಯಿರಿ. ಉದುರಿದ ಗರಿಯನ್ನೇ ಹುಡುಕಿ ಕೊಳ್ಳುವವರೂ ಇದ್ದಾರೆ. ಆರಿಸಿ ಉಳಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಸ್ವಲ್ಪ ಮಣ್ಣು ಎಳೆಯಿರಿ, ಗಾಳಿಗೆ ಹಾರುವುದಿಲ್ಲ. ಸಾರಜನಕ ಚೆನ್ನಾಗಿದೆ, ಕರಗಲು ಮಾತ್ರ ತಿಂಗಳುಗಟ್ಟಲೆ ಬೇಕು.