ಕೇಸೀನ್ ಜೀನ್ ಎಚ್ಚರಾಗುವ ಹೊತ್ತು

“ರಕ್ತವೇ ಹಾಲಾಗಿ ಇಳಿಯುತ್ತೆ” ಎಂಬ ಮಾತನ್ನು ಈಗಲೂ ಕೇಳುತ್ತೇವೆ. ಅರ್ಧ ನಿಜ. ಒಂದು ಲೀಟರ್ ಹಾಲಿಗೆ ಹಸುವಿನ ಕೆಚ್ಚಲಿನೊಳಗೆ ಸುಮಾರು 400ರಿಂದ 500 ಲೀಟರ್ ರಕ್ತ ಹರಿದುಹೋಗುತ್ತದೆ. ಆದರೆ ಆ ರಕ್ತ ಹೊತ್ತು ತರುವುದು ಅಮೈನೋ ಆಮ್ಲಗಳಂಥ ಕಚ್ಚಾ ಸಾಮಾನು ಮಾತ್ರ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು 80% ಕೇಸೀನ್. ಹುಳಿ ಹಿಂಡಿದಾಗ ಪನೀರ್ ಆಗಿ ಗಟ್ಟಿಯಾಗುವುದು ಅದೇ. ಅದನ್ನು ಹೆಣೆಯುವುದು ಕೆಚ್ಚಲಿನ ಜೀವಕೋಶಗಳೇ.

ಕೇಸೀನ್ ಹೆಣೆಯುವ ಸೂಚನೆ, ಅಂದರೆ ಕೇಸೀನ್ ಜೀನ್, ಹಸುವಿನ ಕಿವಿಯಲ್ಲೂ ಇದೆ, ಬಾಲದಲ್ಲೂ ಇದೆ. ಅಲ್ಲಿ ಮಲಗಿರುತ್ತದೆ. ಕೆಚ್ಚಲಿನಲ್ಲಿ ಅದನ್ನು ಎಬ್ಬಿಸುವವರು ಯಾರು?

1928ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಸ್ಟ್ರಿಕರ್ ಮತ್ತು ಗ್ರೂಟರ್ ಎಂಬ ಸಂಶೋಧಕರು ಮೊಲಗಳಿಗೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿದರು. ಹಾಲು ಬಂತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಆಸ್ಕರ್ ರಿಡಲ್ ಮತ್ತು ಸಂಗಡಿಗರು ಅದರೊಳಗಿನ ಹಾರ್ಮೋನಿಗೆ ಪ್ರೊಲ್ಯಾಕ್ಟಿನ್ ಎಂದು ಹೆಸರಿಟ್ಟರು. ಅವರು ನೋಡುತ್ತಿದ್ದದ್ದು ಪಾರಿವಾಳಗಳನ್ನು! ಮರಿಗೆ ಉಣಿಸಲು ಗಂಡು ಪಾರಿವಾಳದ ಕುತ್ತಿಗೆಯ ಚೀಲದಲ್ಲೂ ಹಾಲಿನಂಥದ್ದು ಊರುತ್ತದೆ. ಅದನ್ನು ಊರಿಸುವುದೂ ಇದೇ ಹಾರ್ಮೋನು.

ನನಗೆ ಅತಿ ಇಷ್ಟವಾದ ಭಾಗ ಇನ್ನು ಮುಂದಿನದು. ಪ್ರೊಲ್ಯಾಕ್ಟಿನ್ ಜೀವಕೋಶದ ಒಳಗೆ ಹೋಗಬೇಕಾಗಿಲ್ಲ. ಹೊರಗೆ ನಿಂತು ಬಾಗಿಲು ತಟ್ಟಿದರೆ ಸಾಕು. ಬಾಗಿಲಿನ ಒಳಬದಿಯಲ್ಲಿ ಜ್ಯಾಕ್2 ಎಂಬ ಕಿಣ್ವ ಕಾದಿರುತ್ತದೆ. ಅದು ಸ್ಟ್ಯಾಟ್5 ಎಂಬ ಪ್ರೋಟೀನಿಗೆ ಒಂದು ಫಾಸ್ಫೇಟ್ ಅಂಟಿಸುತ್ತದೆ, ಕಾಗದದ ಮೇಲೆ ಮುದ್ರೆ ಒತ್ತಿದ ಹಾಗೆ. ಮುದ್ರೆ ಬಿದ್ದ ಎರಡು ಸ್ಟ್ಯಾಟ್5 ಜೋಡಿಯಾಗುತ್ತವೆ. ಜೋಡೆತ್ತಿನಂತೆ ಸೇರಿದ ಮೇಲೇ ಅವು ಕೋಶಕೇಂದ್ರಕ್ಕೆ ನಡೆದು, ಕೇಸೀನ್ ಜೀನಿನ ಪಕ್ಕ ಕೂರುವುದು. ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಬಂದು ಕೈ ಜೋಡಿಸಿದರೆ ಜೀನ್ ಜೋರಾಗಿ ಓಡುತ್ತದೆ. ಇನ್ಸುಲಿನ್ ಕೂಡ ಬೇಕು. 1997ರಲ್ಲಿ ಸ್ಟ್ಯಾಟ್5ರ ಒಂದು ರೂಪವಾದ ಸ್ಟ್ಯಾಟ್5ಎ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಮರಿ ಹಾಕಿದವು, ಹಾಲೂಡಿಸಲು ಆಗಲಿಲ್ಲ.

ಹಾಗಾದರೆ ಬಸುರಿಯಲ್ಲೇ ಹಾಲು ಯಾಕೆ ಹರಿಯಲ್ಲ? ಆಗಲೂ ಪ್ರೊಲ್ಯಾಕ್ಟಿನ್ ಜಾಸ್ತಿಯೇ ಇರುತ್ತದೆ ಅಲ್ವಾ? ಹೌದು, ಆದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ತಡೆ ಹಿಡಿದಿರುತ್ತದೆ. ಮನುಷ್ಯರಲ್ಲಿ ಅದನ್ನು ಸುರಿಸುವುದು ಮಾಸು. ಮಾಸು ಬಿದ್ದ ಮೇಲೆ ಪ್ರೊಜೆಸ್ಟರಾನ್ ಇಳಿಯುತ್ತದೆ, ಎರಡು ಮೂರು ದಿನಕ್ಕೆ ಹಾಲು ತುಂಬಿ ಬರುತ್ತದೆ. ಅಲ್ಲಿಯವರೆಗೆ ಬರುವ ಸ್ವಲ್ಪವೇ ಗಿಣ್ಣುಹಾಲು ಮಗುವಿಗೆ ಬೇಕಾದದ್ದು. ಅದನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು, “ಇವಳಿಗೆ ಹಾಲೇ ಇಲ್ಲ, ದೃಷ್ಟಿಯಾಗಿದೆ” ಎಂದು ಬಾಣಂತಿಯನ್ನು ಹೆದರಿಸುವುದು ದೊಡ್ಡ ತಪ್ಪು. ಹಾಲು ತೀರಾ ತಡವಾದರೆ ವೈದ್ಯರಿಗೆ ತೋರಿಸಬೇಕು. ಕೆಲವೊಮ್ಮೆ ಮಾಸಿನ ಚೂರೊಂದು ಒಳಗೇ ಉಳಿದು ಪ್ರೊಜೆಸ್ಟರಾನ್ ಸುರಿಸುತ್ತಿರುತ್ತದೆ. ಅದನ್ನು ತೆಗೆದ ಮೇಲೆ ಹಾಲು ಇಳಿಯುತ್ತದೆ.