ಕರೂಸೊ ದನಿಗೆ ಹೊಸ ಪಕ್ಕವಾದ್ಯ

ಇಟಲಿಯ ಒಪೆರಾ ಗಾಯಕ ಎನ್ರಿಕೊ ಕರೂಸೊ ತೀರಿಕೊಂಡದ್ದು 1921ರಲ್ಲಿ. ಮೈಕ್ರೊಫೋನ್ ಬಳಸಿ ಮುದ್ರಿಸಿದ ಗ್ರಾಮಫೋನ್ ತಟ್ಟೆಗಳು ಮಾರಾಟಕ್ಕೆ ಬಂದದ್ದು 1925ರಲ್ಲಿ. ಹೀಗಾಗಿ ಅವರ ದನಿ ನಮಗೆ ದಕ್ಕಿರುವುದು ಕಹಳೆಯ ಮೂಲಕ ಮಾತ್ರ.

ಕಹಳೆಯೊಳಗೆ ಹಾಡಿದಾಗ ಗಾಳಿಯ ಕಂಪನವೇ ತೆಳು ಪೊರೆಯೊಂದನ್ನು ಅಲುಗಿಸಿ, ಅದಕ್ಕೆ ಜೋಡಿಸಿದ ಸೂಜಿಯಿಂದ ಮೇಣದ ತಟ್ಟೆಯ ಮೇಲೆ ಗೀರು ಕೊರೆಸುತ್ತಿತ್ತು. ಸುಮಾರು 200ರಿಂದ 2,500 ಹರ್ಟ್ಸ್‌ವರೆಗಿನ ನಾದವಷ್ಟೇ ಅದರಲ್ಲಿ ಚೆನ್ನಾಗಿ ಮೂಡುತ್ತಿತ್ತು. ಟೆನರ್, ಅಂದರೆ ಕರೂಸೊ ಅವರಂಥ ಗಂಡಸಿನ ಎತ್ತರದ ದನಿಯ ಬಹುಪಾಲು ಈ ಕಿಂಡಿಯಲ್ಲಿ ತೂರಿಬಂದರೂ ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯದ ಮಂದ್ರ ನಾದ ಬರುತ್ತಿರಲಿಲ್ಲ. ಅದರ ಬದಲು ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ವಾದ್ಯ ಊದಿಸುತ್ತಿದ್ದರು, ಮರದ ಒಡಲಿನ ಪಿಟೀಲಿನ ಜಾಗದಲ್ಲಿ ಲೋಹದ ಕಹಳೆ ಹೊತ್ತ ಸ್ಟ್ರೋ ಪಿಟೀಲು ಇರುತ್ತಿತ್ತು. ಗಾಯಕ ಎದುರಿಗೇ ನಿಂತಂತೆ ಕೇಳಿದರೂ ವಾದ್ಯವೃಂದ ಮಾತ್ರ ಬಾಗಿಲು ಮುಚ್ಚಿದ ಕೋಣೆಯ ಬ್ಯಾಂಡಿನಂತೆ ಕೇಳುತ್ತಿತ್ತು.

1932ರಲ್ಲಿ ಅಮೆರಿಕದ ವಿಕ್ಟರ್ ಕಂಪನಿ ಇದಕ್ಕೊಂದು ಉಪಾಯ ಹೂಡಿತು. ಸ್ಟುಡಿಯೊಗಳಿಗೆ ಟೇಪ್ ಇನ್ನೂ ಬಂದಿರಲಿಲ್ಲ. ಹಳೆಯ ತಟ್ಟೆಯನ್ನು ನುಡಿಸಿ, ಕರೂಸೊ ದನಿಯನ್ನು ಕಿವಿಗೆ ಹಾಕಿಕೊಂಡ ಸಾಧನದಲ್ಲಿ ಕೇಳುತ್ತ ನಿರ್ದೇಶಕ ನಥಾನಿಯೆಲ್ ಶಿಲ್ಕ್ರೆಟ್ ಹೊಸ ವಾದ್ಯವೃಂದವನ್ನು ನಡೆಸಿದರು. ಎರಡೂ ಬೆರೆತು ಹೊಸ ತಟ್ಟೆಗೆ ಇಳಿದವು.

ಹಳೆಯ ವಾದ್ಯಗಳನ್ನು ಅಳಿಸುವುದು ಅವರಿಂದ ಆಗುವ ಕೆಲಸವಾಗಿರಲಿಲ್ಲ. ಗಾಯಕನ ದನಿಯೂ ಟ್ಯೂಬಾದ ಸದ್ದೂ ಒಂದೇ ಗೀರಿನಲ್ಲಿ ಒಂದೇ ಅಲೆಯಾಗಿ ಕೂಡಿಕೊಂಡಿರುತ್ತವೆ, ಹಳೆಯ ವಾದ್ಯಗಳನ್ನು ಹೊಸವುಗಳ ಸದ್ದಿನಿಂದ ಮುಚ್ಚಬಹುದಿತ್ತು ಅಷ್ಟೆ. ಆದ್ದರಿಂದ ಶ್ರುತಿ ಕೂದಲೆಳೆಯಷ್ಟೂ ಸರಿಯುವಂತಿಲ್ಲ. ಹಳೆಯ ಸ್ವರ 220 ಹರ್ಟ್ಸ್, ಹೊಸದು 223 ಎಂದಾದರೆ ನಾದ ಸೆಕೆಂಡಿಗೆ ಮೂರು ಸಲ ಏರಿಳಿಯುತ್ತದೆ. ತಂಬೂರಿಯ ಬಿರಡೆ ತಿರುಗಿಸಿದವರಿಗೆ ಈ ಅಲುಗಾಟದ ಪರಿಚಯವಿರುತ್ತದೆ. ಆ ಕಾಲದ ತಟ್ಟೆಗಳು ನಿಖರವಾಗಿ ನಿಮಿಷಕ್ಕೆ 78 ಸುತ್ತಿನ ವೇಗದಲ್ಲೇ ತಿರುಗುತ್ತಿರಲಿಲ್ಲ ಎಂಬುದು ಇನ್ನೊಂದು ತಲೆನೋವು: ವೇಗ ಶೇ. 6ರಷ್ಟು ತಪ್ಪಿದರೆ ಶ್ರುತಿ ಅರ್ಧ ಮನೆ ಜಾರುತ್ತದೆ.

1970ರ ದಶಕದಲ್ಲಿ ಯೂಟಾ ವಿಶ್ವವಿದ್ಯಾಲಯದ ಥಾಮಸ್ ಸ್ಟಾಕ್‌ಹ್ಯಾಮ್ ಕಂಪ್ಯೂಟರ್ ಬಳಸಿ, ಕಹಳೆಯೇ ಸೇರಿಸಿದ್ದ ಅನುರಣನವನ್ನು ತೆಗೆದರು. ಮುಂದೆ ವಿಯೆನ್ನಾ ರೇಡಿಯೊ ವಾದ್ಯವೃಂದವೂ ಗಾಟ್‌ಫ್ರೀಡ್ ರಾಬ್ಲ್ ನಿರ್ದೇಶನದಲ್ಲಿ ಕರೂಸೊಗೆ ಜೊತೆ ನುಡಿಸಿತು.

ತಂತ್ರ ಎಷ್ಟು ಸುಧಾರಿಸಿದರೂ ನನಗೆ ಒಂದು ತಕರಾರಿದೆ. ‘ಪಾಲ್ಯಾಚ್ಚಿ’ ಒಪೆರಾದ ವಿದೂಷಕನ ಅಳುವಿನ ಹಾಡನ್ನು 1907ರಲ್ಲಿ ಮುದ್ರಿಸುವಾಗ ಕರೂಸೊ ಒಂದು ಸ್ವರವನ್ನು ಎಳೆದರೆ ಕೋಣೆಯಲ್ಲಿದ್ದವರೂ ಕಾಯಬಹುದಿತ್ತು, ಅವರು ತಡವರಿಸಿದರೆ ಅವರಿಗಾಗಿ ಈತನೂ ನಿಲ್ಲಬಹುದಿತ್ತು. ಹೊಸಬರಿಗೆ ಹಿಂಬಾಲಿಸುವುದೊಂದೇ ದಾರಿ. ಅವರು ಹಿಂಬಾಲಿಸುತ್ತಿರುವ ಲಯದಲ್ಲಿ ಮುಚ್ಚಿಟ್ಟ ಆ ಹಳೆಯ ಬ್ಯಾಂಡಿನ ಪಾಲೂ ಇದೆ. ಕರೂಸೊ ಹಾಡು ನಿಲ್ಲಿಸಿದ ಕಡೆ ಹಳೆಯ ತಟ್ಟೆಯ ಸದ್ದನ್ನು ಪೂರ್ತಿ ಇಳಿಸಿಬಿಡಬಹುದು. ಅವರು ಮತ್ತೆ ಬಾಯಿ ತೆರೆದೊಡನೆ ಟ್ಯೂಬಾವೂ ಅವರ ಬೆನ್ನಿಗೇ ಬರುತ್ತದೆ.