ಎರಡೂ ಕಡೆ ಬರೆದರೆ ನನ್ನ ಮಾತು ಎಲ್ಲಿ ಉಳಿಯುತ್ತೆ?

ಪ್ರಶ್ನೆ: ನಾನು ಸಕಲೇಶಪುರದ ಪದವಿ ವಿದ್ಯಾರ್ಥಿನಿ. ‘ಕಾಡಾನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಬೇಕೇ?’ ಅಂತ ಲೇಖನ ಬರೆಯಬೇಕು. ಸಾಗಿಸಬೇಕು ಅನ್ನೋದು ನನ್ನ ನಿಲುವು. ಎದುರು ವಾದವನ್ನೂ ಬರೆದರೆ ನನ್ನ ಮಾತೇ ಕರಗಿಹೋಗಲ್ವಾ?

ಉತ್ತರ: ಕರಗುವುದಿಲ್ಲ, ಧೈರ್ಯವಾಗಿ ಬರೆಯಿರಿ. ಇಬ್ಬರಿಗೂ ಸಮ ಸಮ ಸಾಲು ಹಂಚಬೇಕಾಗಿಲ್ಲ. ನಿಮ್ಮನ್ನು ಒಪ್ಪದವರು ಓದಿ, “ಹೌದು, ನಾವು ಹೇಳೋದು ಇದನ್ನೇ” ಅನ್ನುವಂತಿದ್ದರೆ ಸಾಕು.

ಹೆಚ್ಚಿನವರು ಎಡವುವುದು ಇಲ್ಲೇ. ‘ಪರಿಸರವಾದಿಗಳಿಗೆ ರೈತರ ಕಷ್ಟ ಗೊತ್ತಿಲ್ಲ’ ಅಂತ ಒಂದು ಸಾಲು ಗೀಚಿ ಎದುರು ವಾದ ಮುಗಿಸುತ್ತಾರೆ. ಅದು ಸುಮ್ನೆ ಅವರ ಮೇಲಿನ ದೂರು. ಅವರ ನಿಜವಾದ ವಾದ ಗಟ್ಟಿಯಾಗಿದೆ. 2014ರ ಸುಮಾರಿಗೆ ಆಲೂರು ಭಾಗದಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಆಮೇಲೂ ಆನೆಗಳು ಬರುವುದು ನಿಲ್ಲಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯಲು ಹೋಗಿ, ಮೈಸೂರು ದಸರಾದಲ್ಲಿ 8 ಬಾರಿ ಅಂಬಾರಿ ಹೊತ್ತ ಸಾಕಾನೆ ಅರ್ಜುನನನ್ನೇ ಕಳೆದುಕೊಂಡೆವು. ಆನೆಯಿಂದ ಬೆಳೆ ಹಾಳಾದ ತೋಟದವರೂ ಅವತ್ತು ಮರುಗಿದರು. ಇದನ್ನೆಲ್ಲ ನೀವು ಬಿಟ್ಟರೂ ನಮ್ಮ ಹಾಸನದ ಓದುಗರು ಮರೆಯುತ್ತಾರಾ?

ಈಗ ನಿಮ್ಮ ಉತ್ತರ. ಹೀಗೆ ಬರೆದು ನೋಡಿ: ‘ಆನೆಗಳನ್ನು ಸಾಗಿಸಿದ ಮಾತ್ರಕ್ಕೆ ಸಮಸ್ಯೆ ತೀರುವುದಿಲ್ಲ ಎಂಬುದು ನಿಜ. ಆದರೆ ಜನರ ಮೇಲೆ ಪದೇ ಪದೇ ಎರಗುವ ಪುಂಡಾನೆಯನ್ನು ಹಾಗೆಯೇ ಬಿಟ್ಟರೆ, ಕಾಫಿ ಕೊಯ್ಲಿಗೆ ಹೋಗುವ ಕೂಲಿಯವರು ಪ್ರಾಣ ಪಣಕ್ಕಿಟ್ಟು ಕೆಲಸ ಮಾಡಬೇಕಾಗುತ್ತದೆ.’

ಗಮನಿಸಿದಿರಾ? ‘ಕಾಡಾನೆಗಳು’ ಅಂತ ಶುರುವಾದದ್ದು ‘ಪುಂಡಾನೆ’ಗೆ ಬಂದು ನಿಂತಿತು. ಎದುರು ವಾದವನ್ನು ಮನಸ್ಸಿಟ್ಟು ಕೇಳಿದ್ದಕ್ಕೇ ನಿಮ್ಮ ನಿಲುವು ಚಿಕ್ಕದಾಯಿತು, ಜಾಸ್ತಿ ಗಟ್ಟಿಯೂ ಆಯಿತು. ಇದನ್ನು ಸೋಲು ಅಂದುಕೊಳ್ಳಬೇಡಿ. ಲೇಖನದ ಮೊದಲ ಪ್ಯಾರಾಕ್ಕೆ ಹೋಗಿ ಅಲ್ಲೂ ಹಾಗೇ ತಿದ್ದಿ.

ಪದಗಳ ಮೇಲೂ ಕಣ್ಣಿರಲಿ. ‘ಆನೆ ಹಾವಳಿ’ ಅಂದ ಕೂಡಲೇ ತಪ್ಪು ಆನೆಯದೇ ಅಂತಾಯಿತು. ‘ಆನೆ–ಮಾನವ ಸಂಘರ್ಷ’ ಅಂದರೆ ತೀರ್ಪು ಓದುಗರ ಕೈಯಲ್ಲೇ ಉಳಿಯುತ್ತೆ. ‘ಅನ್ಸುತ್ತೆ’, ‘ಅನ್ನೋದು’ ನಮ್ಮ ಈ ಮಾತುಕತೆಗೆ ಸರಿ. ಲೇಖನದಲ್ಲಿ ‘ಅನಿಸುತ್ತದೆ’, ‘ಎನ್ನುವುದು’ ಅಂತಲೇ ಇರಲಿ.

ಒಪ್ಪಿಸುವ ಮುಂಚೆ ಎದುರು ವಾದದ ಪ್ಯಾರಾ ಒಂದನ್ನೇ ನಿಮ್ಮನ್ನು ಒಪ್ಪದ ಗೆಳತಿಗೆ ಕೊಡಿ. “ನಾನು ಹೇಳೋದು ಇದಲ್ಲ ಕಣೇ” ಅಂದರೆ, ಮತ್ತೇನು ಅಂತ ಕೇಳಿ ಅವಳ ಮಾತಲ್ಲೇ ಬರೆದುಕೊಳ್ಳಿ.